ರಶೀದಾಬಿಯ ಬಣ್ಣದ ಅಂಗಳ

ನನ್ನ ಕೆಲಸವೆಲ್ಲ ಮಣ್ಣು ತಿನ್ನುವ ಮಕ್ಕಳ ಮೇಲೆ ನಿಂತಿದೆ ಎಂದರೆ ಜನ ನಗುತ್ತಾರೆ. ನಗಲಿ. ಮೂರು ವರ್ಷದ ಕೂಸು ಆಡುತ್ತ ಆಡುತ್ತ ದಿನಕ್ಕೊಂದು ಚಿಟಿಕೆ ಮಣ್ಣನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತದೆ. ಆ ಚಿಟಿಕೆಯಲ್ಲಿ ವಿಷ ಎಷ್ಟಿದೆ, ಕೂಸು ಅಲ್ಲಿ ಆಡಬಹುದೋ ಬಾರದೋ ಎಂದು ನೋಡಿ ಹೇಳುವವಳು ನಾನು. ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿದ್ದೇನೆ. ಕಟ್ಟಡ ಏಳುವ ಮೊದಲು ನೆಲಕ್ಕೆ ಕೊರೆಗೋಲು ಇಳಿಸಿ, ಮಣ್ಣು ತೆಗೆದು, ಚೀಲಕ್ಕೆ ತುಂಬಿ, ಮೇಲೊಂದು ಚೀಟಿ ಅಂಟಿಸುತ್ತೇನೆ. ದೀಪಾ ಬಲು ಸಿಡುಕಿ ಅಂತ ಆಫೀಸಿನಲ್ಲಿ ಹೆಸರಿದೆ, ಅದು ಸುಳ್ಳೇನಲ್ಲ. ಯಾರಿಗೂ ಗೊತ್ತಿಲ್ಲದ ಇನ್ನೊಂದು ಚಟವೂ ಇದೆ. ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೆ ಸಾಕು, ನೆಲ ನೀರಿನಷ್ಟು ತಿಳಿಯಾಗಿ ಒಳಗಿನ ಪದರಗಳೆಲ್ಲ ಕಾಣತೊಡಗುತ್ತವೆ. ಕಬ್ಬಿನ ಬೇರು, ಹೂತುಹೋದ ಬಾವಿ, ಯಾರದೋ ಮುರಿದ ಬಳೆ. ಕಂಡಕ್ಟರ್ ಬಂದು ಭುಜ ತಟ್ಟಿದಾಗಲೇ ನಾನು ಮೇಲೆ ಬರುವುದು.

ಗೋಕಾಕದಲ್ಲಿ ಹೊಳೆಗೆ ಹತ್ತಿರದ ಒಂದು ಓಣಿಯಲ್ಲಿ ರಶೀದಾಬಿಯದು ಎರಡು ಗುಂಟೆ ಅಂಗಳ. ಆಕೆಯ ಗಂಡ ರಮಜಾನಸಾಬ ನಲವತ್ತು ವರ್ಷ ಅಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕಿದವನು. ಅವನು ತೀರಿಕೊಂಡ ಮೇಲೆ ಹಂಡೆಗಳು ಹೋದವು, ಒಲೆಗಳು ಹೋದವು, ಬಯಲಷ್ಟೇ ಉಳಿಯಿತು. ಆ ಬಯಲನ್ನು ರಶೀದಾಬಿ ಅಂಗನವಾಡಿಗೆ ದಾನ ಬರೆದುಕೊಟ್ಟಿದ್ದಳು. ಓಣಿಯ ಮಕ್ಕಳು ಕಿಟಕಿಯೇ ಇಲ್ಲದ ಒಂದು ಗೋದಾಮಿನ ಕೋಣೆಯಲ್ಲಿ ಕೂತು ಹಾಡು ಹೇಳುತ್ತಿದ್ದವು. ಬಣ್ಣ ಕುದಿಸಿದ ಜಾಗವಾದ್ದರಿಂದ ಮಣ್ಣು ನೋಡದೆ ಕಟ್ಟಬಾರದು ಎಂದು ಯಾರೋ ತಕರಾರು ತೆಗೆದರು. ಹಾಗಾಗಿ ನಾನು ಹೋದೆ.

ಜನವರಿಯ ಒಂದು ಬೆಳಗು. ಹೊಳೆಯಿಂದ ಮಂಜು ಎದ್ದು ಓಣಿಯೊಳಗೆ ನಡೆದುಬರುತ್ತಿತ್ತು. ಮಂಜಿನ ನಡುವೆ ಆ ಅಂಗಳ ಸೆಗಣಿ ಸಾರಿಸಿಕೊಂಡು, ನೀರು ಚಿಮುಕಿಸಿಕೊಂಡು, ಹಬ್ಬದ ದಿನದ ಮನೆಯ ಹಾಗೆ ಸಿದ್ಧವಾಗಿ ಕೂತಿತ್ತು. ಒಂದು ಕಡ್ಡಿಯಿಲ್ಲ, ಒಂದು ಕಲ್ಲಿಲ್ಲ. ಮೂಲೆಯಲ್ಲಿ ಹಗ್ಗದ ಹೊರಸು, ಹೊರಸಿನ ಮೇಲೆ ಒಗೆದ ಚಾದರ, ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ, ಪಕ್ಕದಲ್ಲಿ ಚಹಾ.

"ಬರ್ರಿ ಬಾಯಾರ, ಕುಂಡರ್ರಿ" ಎಂದಳು ರಶೀದಾಬಿ. ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು. "ಮಣ್ಣ ಎಲ್ಲೂ ಓಡಿ ಹೋಗಂಗಿಲ್ಲ."

"ಕೆಲಸ ಮುಗಿಸಿ ಕುಂಡರತೇನ್ರಿ ಅಮ್ಮಾರ."

"ಕೆಲಸ ಯಾರದರೆ ಮುಗದೈತೇನು? ಚಹಾ ಆರತೈತಿ."

ಕೆಲಸದ ಜಾಗದಲ್ಲಿ ಚಹಾ ಕುಡಿಸುವವರನ್ನು ಕಂಡರೆ ನನಗಾಗುವುದಿಲ್ಲ. ಆದರೂ ಕುಡಿದೆ. ಕುಡಿಯುತ್ತಿರುವಾಗ ಆಕೆ ಮಂಜನ್ನೇ ನೋಡುತ್ತ ಹೇಳಿದಳು.

"ಈ ಅಂಗಳ ಕೂಸಿನ ದನೀನ ಕೇಳಿಲ್ರಿ. ನಂದು ಮೂರು ಆದು, ಒಂದೂ ಉಳೀಲಿಲ್ಲ. ಸಾಯೂದರೊಳಗ ಇಲ್ಲಿ ಕೂಸುಗೋಳು ಓಡ್ಯಾಡೂದ ನೋಡಬೇಕಂತ ಒಂದ ಆಸೆ ಐತಿ. ಅದನ್ನ ಪಾಸ್ ಮಾಡಿ ಹೋಗ್ರಿ."

ಕೊರೆಗೋಲು ಇಳಿಸಿದೆ. ನೆಲ ಬೆಣ್ಣೆಯ ಹಾಗೆ ದಾರಿ ಬಿಟ್ಟಿತು. ಒಂದು ಅಡಿ ಆಳದ ಮಣ್ಣು ಅಂಗೈಗೆ ಬಿದ್ದಾಗ ಅದರ ವಾಸನೆ ಮೂಗಿಗೆ ಹತ್ತಿ, ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಕಣ್ಣೆದುರು ಬದು, ಬದುವಿನ ಮೇಲೆ ಬೇವಿನ ಮರ, ಮರದ ಕೆಳಗೆ ಸೀರೆಯ ಜೋಳಿಗೆ, ಜೋಳಿಗೆಯಿಂದ ಇಳಿದು ಕರಿಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿರುವ ನಾನು. ದೂರದಲ್ಲಿ ಕಳೆ ಕೀಳುತ್ತಿದ್ದ ಅವ್ವ ಕೂಗುತ್ತಾಳೆ, ಕೂಗು ಮಾತ್ರ ಕೇಳಿಸುವುದಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಐದು ಕಡೆ ಒಂದೊಂದು ಅಡಿ ಕೊರೆದೆ, ಐದು ಚೀಲ ತುಂಬಿದೆ. ಇಂಥ ಹಿನ್ನೆಲೆಯ ಜಾಗದಲ್ಲಿ ಒಂದು ಕಡೆಯಾದರೂ ಆಳಕ್ಕೆ ಇಳಿಯಬೇಕು ಅನ್ನುವುದು ನಿಯಮ. ಉದ್ದದ ಕೊರೆಗೋಲು ಗಾಡಿಯಲ್ಲೇ ಇತ್ತು, ತೆಗೆಯಲಿಲ್ಲ. ಯಾಕೆ ಎಂದು ಆಮೇಲೆ ನಮ್ಮ ಪ್ರಯೋಗಾಲಯದ ಅಜಿತ ಸಾಹೇಬರು ಕೇಳಿದರು. ಕನಸು ಬಿದ್ದಿತ್ತು ಎಂದು ಯಾವ ಬಾಯಿಂದ ಹೇಳುವುದು?

ಫಲಿತಾಂಶ ಬಂತು. ಮಣ್ಣು ಹೂವಿನಷ್ಟು ಶುದ್ಧ. ಮಕ್ಕಳು ಆಡಬಹುದು ಎಂದು ಬರೆದು ಸಹಿ ಹಾಕಿದೆ. ಪಾಯಾ ತೆಗೆಯಲು ಫೆಬ್ರುವರಿಯಲ್ಲಿ ದಿನ ಗೊತ್ತಾಯಿತು.

ಆ ಭಾನುವಾರ ಹುಕ್ಕೇರಿ ತಾಲೂಕಿನ ನನ್ನೂರು ಘೋಡಗೇರಿಗೆ ಹೋದೆ. ನನ್ನ ಅವ್ವ ಉದ್ದವ್ವ ಇನ್ನೂ ಹೊಲದ ಕೂಲಿ ಬಿಟ್ಟಿಲ್ಲ, ಬಿಡು ಎಂದರೆ ನನಗೇ ಬೈಯುತ್ತಾಳೆ. ರೊಟ್ಟಿ ಬಡಿಯುತ್ತ ಕೇಳಿದಳು.

"ಗೋಕಾಕದಾಗ ಯಾರ ಜಾಗಾ ನೋಡಿದಿ?"

"ರಶೀದಾಬಿ ಅಂತ. ಬಣ್ಣದ ರಮಜಾನಸಾಬನ ಹೇಣ್ತಿ."

"ಅಯ್ಯ, ನಮ್ಮ ರಶೀದಾಬಿ! ಆಕಿ ಈ ಊರ ಮಗಳಲ್ಲೇನ? ನಿನಗ ಅತ್ತಿ ಆಗಬೇಕು. ಮಣ್ಣ ಛಂದಂಗ ಹರವ್ಯಾಳೇನು?"

"ಯಾವ ಮಣ್ಣ?"

"ಇಲ್ಲಿಂದ ಒಯ್ದದ್ದು. ದೀಪಾವಳಿ ಆದಮ್ಯಾಲ ಬಂದಿದ್ದಳು. ನೆಲಾ ನೋಡಾಕ ಮಂದಿ ಬರತಾರಂತ, ಹೊಲಸ ನೆಲಾ ಹ್ಯಾಂಗ ತೋರಸಲಿ ಉದ್ದವ್ವಾ ಅಂದ್ಲು. ತನ್ನ ತಮ್ಮನ ಬೇವಿನ ಗಿಡದ ಹೊಲದಿಂದ ಇಪ್ಪತ್ತ ಟ್ರಾಲಿ ಒಯ್ದಳು. ಜೆಸಿಬಿ ಬ್ಯಾಡ ಅಂದ್ಲು, ಅದು ಕೆಳಗಿನ ಗರಸು ಕಲ್ಲೂ ಎತ್ತತೈತಿ, ಕೂಸುಗೋಳು ಆಡೂ ಜಾಗಾ, ಮ್ಯಾಲಿನ ಮೆತ್ತನ ಮಣ್ಣಷ್ಟ ಬೇಕಂತ. ಬುಟ್ಟಿ ಹೊತ್ತವರೊಳಗ ನಾನೂ ಇದ್ದೆ."

ನನ್ನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಐದು ಚೀಲ ತುಂಬಿ ಬೆಳಗಾವಿಗೆ ಒಯ್ದು ಪರೀಕ್ಷೆ ಮಾಡಿಸಿದ್ದು ನನ್ನ ಅವ್ವ ಹೊತ್ತುಹಾಕಿದ ಮಣ್ಣನ್ನು. ಮೂಗು ಗುರುತು ಹಿಡಿದಿತ್ತು, ತಲೆ ಹಿಡಿಯಲಿಲ್ಲ. ಗೋಕಾಕದ ಹೆಸರಿನಲ್ಲಿ ಘೋಡಗೇರಿಯನ್ನು ಪಾಸು ಮಾಡಿ ಬಂದಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ರಶೀದಾಬಿಯ ಮೇಲೆ, ಆಕೆಯ ಚಹಾದ ಮೇಲೆ, ಚಾದರದ ಮೇಲೆ.

ಮರುದಿನವೇ ಉದ್ದದ ಕೊರೆಗೋಲು ಹಿಡಿದು ಗೋಕಾಕಕ್ಕೆ ಹೋದೆ. ಮಂಜು ಅವತ್ತೂ ಇತ್ತು.

"ಅತ್ತಿ" ಎಂದು ಕರೆದೆ.

ಆಕೆ ಕಣ್ಣು ಕಿರಿದು ಮಾಡಿದಳು. "ಯಾರ ಮಗಳು ನೀ?"

"ಘೋಡಗೇರಿ ಉದ್ದವ್ವನ ಮಗಳು. ಮಣ್ಣ ಹಾಕಿಸಿದ್ದು ನನಗ ಯಾಕ ಹೇಳಲಿಲ್ಲ ನೀವು?"

"ನೀ ಕೇಳಿದೇನು?" ಎಂದಳು, ಮುಖವೆಲ್ಲ ಅರಳಿಸಿಕೊಂಡು. "ಕನ್ಯಾ ನೋಡಾಕ ಬಂದಾರಂದ್ರ ಹುಡುಗಿಗೆ ಹರಕ ಸೀರಿ ಉಡಸಿ ಕುಂಡರಸ್ತಾರೇನು? ಉದ್ದವ್ವನ ಮಗಳಂತ ಮದಲ ಹೇಳಬಾರದ! ಸುಸಲಾದ ಬದಲಿ ಹೋಳಿಗಿ ಮಾಡತಿದ್ದೆ."

ಬಂದ ಸಿಟ್ಟು ಹಾಗೇ ಕರಗಿಹೋಯಿತು. ನಾನು ಕೇಳಿರಲಿಲ್ಲ. ಅದು ಖರೆ.

ಅಂಗಳದ ನಡುವೆ ಕೊರೆಗೋಲು ಇಳಿಸಿ ನಾಲ್ಕು ಅಡಿ ಮಣ್ಣನ್ನು ಮುರಿಯದ ಹಾಗೆ ಎತ್ತಿ, ಬಿಳಿ ತಗಡಿನ ಮೇಲೆ ಉದ್ದಕ್ಕೆ ಮಲಗಿಸಿದೆ. ಮೇಲಿನ ಒಂದಡಿ ನಮ್ಮೂರಿನ ಕರಿಮಣ್ಣು. ಅದರ ಕೆಳಗೆ ಬೂದಿ. ಬೂದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಮತ್ತೆ ನೀಲಿ, ಒಂದು ಗೆರೆ ಹಸಿರು, ಕೊನೆಗೆ ಒಂದು ಗೇಣು ಹಳದಿ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕಾಣುತ್ತಿದ್ದುದೆಲ್ಲ ಕಣ್ಣು ತೆರೆದಿರುವಾಗಲೇ ಎದುರು ಬಂದು ಮಲಗಿತ್ತು. ಮಂಜಿನೊಳಗಿಂದ ಬಿಸಿಲು ಬಂದು ಅದರ ಮೇಲೆ ಬಿತ್ತು. ಇಷ್ಟು ಚೆಲುವಾದ ಹೊಲಸನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ರಶೀದಾಬಿ ಕುಕ್ಕರಗಾಲಲ್ಲಿ ಕೂತು ಹಳೆಯ ಫೋಟೋ ನೋಡುವವರ ಹಾಗೆ ಒಂದೊಂದೇ ಬಣ್ಣದ ಬಳಿ ಬೆರಳು ತಂದಳು. ಮುಟ್ಟಬೇಡಿ ಎಂದೆ, ಮುಟ್ಟಲಿಲ್ಲ.

"ಇದು ಕಡೀ ಕಡೀಗೆ ಒಲಿ ಕೆಡವಿದ ಬೂದಿ. ಈ ನೀಲಿ ಅವರಿಗೆ ಬಾಳ ಸೇರತಿತ್ತು, ಇದರಾಗ ಕೈ ಅದ್ದಿದ ಮ್ಯಾಲ ವಾರಗಟ್ಲೆ ತೊಳದರೂ ಹೋಗತಿರಲಿಲ್ಲ. ಈ ಕೆಂಪು ಸೀರಿ ಸೆರಗಿಂದು. ಮತ್ತ ಇದು..." ಹಳದಿಯ ಬಳಿ ಬೆರಳು ನಿಂತಿತು. ನಕ್ಕಳು. "ಇದು ನಾ ಹೊಸದಾಗಿ ಲಗ್ನ ಆಗಿ ಬಂದಾಗಿಂದು. ಆಗ ಹಳದಿ ನೂಲ ಭಾರಿ ನಡೀತಿತ್ತು. ಹಂಡೆದ ನೀರೆಲ್ಲಾ ಇಲ್ಲೇ ಚೆಲ್ಲತಿದ್ವಿ. ನನ್ನ ಕೈ ಹಳದಿ, ಬಡಿಯೋ ರೊಟ್ಟೀನೂ ಹಳದಿ. ಅವರು ಚ್ಯಾಷ್ಟಿ ಮಾಡತಿದ್ರು, ನಿನಗ ದಿನಾ ಅರಿಷಿಣ ಹಚ್ಚತೇನಿ ಅಂತ."

ನಗು ಮುಖದ ಮೇಲೆಯೇ ಇತ್ತು, ಆದರೆ ಕಣ್ಣು ಬೇರೆ ಕಡೆ ಹೋಗಿತ್ತು.

"ಮೂರೂ ಆಗ ಆದು" ಎಂದಳು. "ನೀ ಈ ಮಣ್ಣಾಗ ಏನ ಹುಡುಕತಿ?"

"ಸೀಸ. ಕ್ರೋಮಿಯಂ. ಆ ಹಳದಿ ಬಣ್ಣದಾಗ ಎರಡೂ ಇರತಾವು."

"ಕೂಸಿಗೆ ಏನ ಮಾಡತಾವ ಅವು?"

"ಒಳ್ಳೇದ ಮಾಡಂಗಿಲ್ರಿ."

"ಬಸರಿನಾಗ ಇದ್ದ ಕೂಸಿಗೆ?"

ನಾನು ಚೀಲದ ಮೇಲೆ ಚೀಟಿ ಅಂಟಿಸತೊಡಗಿದೆ.

"ಹೇಳವ್ವಾ. ನನ್ನ ಮೂರೂ ಇದರಿಂದ ಹೋದುವೇನು?"

ಪ್ರಯೋಗಾಲಯದಲ್ಲಿ ಎಲ್ಲರಿಗೂ ಪಟಪಟ ಉತ್ತರ ಕೊಡುವವಳು ನಾನು. ಅವತ್ತು ಇಲ್ಲ ಅಂದುಬಿಡಬೇಕು ಅನ್ನಿಸಿತು. ಒಂದು ಸಲ ಸುಳ್ಳು ಬರೆದುಕೊಟ್ಟದ್ದು ಸಾಕಾಗಿತ್ತು.

"ಗೊತ್ತಿಲ್ರಿ ಅತ್ತಿ. ಹೌದು ಅನ್ನಾಕೂ ಬರಂಗಿಲ್ಲ, ಅಲ್ಲ ಅನ್ನಾಕೂ ಬರಂಗಿಲ್ಲ. ಇದ್ದರೂ ಇರಬಹುದು."

ಆಕೆ ಹಳದಿಯ ಬಳಿಯಿಂದ ಬೆರಳು ಹಿಂದಕ್ಕೆ ಎಳೆದುಕೊಂಡಳು. ಮಂಜು ಪೂರ್ತಿ ಸರಿದು ಎದುರಿನ ಮನೆಗಳ ಬಾಗಿಲುಗಳು ಕಾಣಿಸಿಕೊಂಡವು. ಗೋದಾಮಿನ ಕೋಣೆಯಿಂದ ಮಕ್ಕಳ ಹಾಡು ಕೇಳುತ್ತಿತ್ತು. ಕೊನೆಗೆ ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಹಂಗಾರ ಇನ್ನೊಬ್ಬರ ಕೂಸು ಇಲ್ಲಿ ಕಾಲ ಇಡೂದ ಬ್ಯಾಡ" ಎಂದು ಹೇಳಿ ತನ್ನ ಮನೆಯ ಕಡೆಗೆ ನಡೆದಳು. ಅವತ್ತು ಚಹಾ ಕುಡಿ ಎನ್ನಲಿಲ್ಲ.

ಪರೀಕ್ಷೆಯಲ್ಲಿ ಬಂದ ಅಂಕಿಗಳು ನಾನು ಹೆದರಿದ್ದಕ್ಕಿಂತ ಕೆಟ್ಟದಾಗಿದ್ದವು. ಮೊದಲ ವರದಿ ತಪ್ಪು, ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅಜಿತ ಸಾಹೇಬರು ಬಾಗಿಲು ಹಾಕಿಕೊಂಡು ಅರ್ಧ ತಾಸು ಬೈದರು. ಪಾಯಾದ ದಿನ ರದ್ದಾಯಿತು. ಅಂಗಳಕ್ಕೆ ಬೇಲಿ ಬಿತ್ತು.

ಹತ್ತು ದಿನದ ಮೇಲೆ ರಶೀದಾಬಿ ಫೋನು ಮಾಡಿದಳು. "ನನ್ನ ಮನಿ ನೆಲಾ ನೋಡಾಕ ಬಾ."

ಆಕೆ ಇರುವ ಮನೆ ಓಣಿಯ ಆಚೆ, ಏರಿನ ಮೇಲೆ. ಮೂರು ಕೋಣೆ, ಮುಂದೆ ಬಟಾಬಯಲು. ಹೋದಾಗ ಬಾಗಿಲಲ್ಲಿ ಎಲೆಕಸ ಬಿದ್ದಿತ್ತು, ಮುಸುರೆ ಪಾತ್ರೆಗಳೂ ಹಾಗೇ ಇದ್ದವು.

"ಈ ಸಲ ಕಸಾನೂ ಹೊಡದಿಲ್ಲ, ಚಹಾನೂ ಇಟ್ಟಿಲ್ಲ" ಎಂದಳು. "ಎಷ್ಟ ಆಳ ಬೇಕ ಅಷ್ಟ ಆಳ ಹೋಗು."

ಐದು ಕಡೆ ಐದೈದು ಅಡಿ ಹೋದೆ. ಗಡಿಗೆಯ ಚೂರು ಬಂತು, ಸುಣ್ಣದ ಹರಳು ಬಂತು, ಬೇರೇನೂ ಬರಲಿಲ್ಲ. ಪ್ರಯೋಗಾಲಯವೂ ಅದನ್ನೇ ಹೇಳಿತು. ಅವತ್ತೇ ಆಕೆ ತನ್ನ ಹಾಸಿಗೆಯನ್ನು ಹಿಂದಿನ ಅಡುಗೆಕೋಣೆಗೆ ಒಯ್ದು, ಮುಂದಿನ ಎರಡು ಕೋಣೆಗಳನ್ನು ಅಂಗನವಾಡಿಗೆ ಬಿಟ್ಟುಕೊಟ್ಟಳು. ಕೊಟ್ಟ ಮೇಲೆ ಒಂದೇ ಒಂದು ಹಟ ಹಿಡಿದಳು.

"ನನ್ನ ತವರ ಮಣ್ಣ ಆ ಹೊಲಸಿನ ಮ್ಯಾಲ ಬಿಡಂಗಿಲ್ಲ. ಅದನ್ನ ಇಲ್ಲಿ ತಂದ ಹಾಕಸು."

ನಾನು ಮತ್ತೆ ಪರೀಕ್ಷೆ ಮಾಡಿ, ಮೇಲಿನ ಒಂದು ಗೇಣನ್ನಷ್ಟೇ ಎತ್ತಬಹುದು ಎಂದು ಬರೆದುಕೊಟ್ಟೆ. ಏಪ್ರಿಲ್‌ನಲ್ಲಿ ಘೋಡಗೇರಿಯಿಂದ ಹೆಂಗಸರು ಬಂದರು. ನನ್ನ ಅವ್ವ ಅದೇ ಮಣ್ಣನ್ನು ಎರಡನೆಯ ಸಲ ಬುಟ್ಟಿಗೆ ತುಂಬಿದಳು. "ಈ ಮಣ್ಣಿಗೆ ಕಾಲ ಬಂದಾವು" ಎಂದು ಗೊಣಗುತ್ತ ರಶೀದಾಬಿಯ ಬಾಗಿಲ ಮುಂದೆ ಸುರಿದಳು. ಇಬ್ಬರೂ ಸೇರಿ ಅದನ್ನು ಕೈಯಿಂದಲೇ ಹರವಿದರು. ನಾನು ಬೇಲಿಯೊಳಗೆ ನಿಂತು, ಒಂದು ಗೇಣು ದಾಟಿ ಯಾರೂ ಆಳಕ್ಕೆ ಸಲಿಕೆ ಹಾಕದಂತೆ ಎಲ್ಲರಿಗೂ ಬೈಯುತ್ತಿದ್ದೆ.

ಜೂನ್‌ನಲ್ಲಿ ಅಂಗನವಾಡಿ ತೆರೆದ ದಿನ ನನ್ನನ್ನೂ ಕರೆದರು. ಸಣ್ಣ ಮಳೆ ಬಂದು ನಿಂತಿತ್ತು. ಹಸಿ ಮಣ್ಣಿನ ವಾಸನೆ ಎದ್ದು, ನಾನು ಗೋಕಾಕದಲ್ಲಿದ್ದೇನೋ ಬೇವಿನ ಮರದ ಕೆಳಗಿದ್ದೇನೋ ತಿಳಿಯದ ಹಾಗೆ ತೇಲುತ್ತಿದ್ದೆ. ಹದಿನಾಲ್ಕು ಮಕ್ಕಳು ಒಟ್ಟಿಗೆ ಕೂಗುತ್ತ ಹೊರಗೆ ಓಡಿಬಂದವು. ರಶೀದಾಬಿ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು.

ಗುಲ್ನಾಜ ಎಂಬ ಮೂರು ವರ್ಷದ ಹುಡುಗಿ ಗುಂಪು ಬಿಟ್ಟು ಒಂದು ಕಡೆ ಕೂತಳು. ಎರಡು ಬೆರಳಲ್ಲಿ ಒಂದು ಚಿಟಿಕೆ ಕರಿಮಣ್ಣು ತೆಗೆದು, ಅತ್ತಿತ್ತ ನೋಡಿ, ಬಾಯಿಗೆ ಹಾಕಿಕೊಂಡಳು.

"ಅಯ್ಯ, ಉಗುಳ, ಉಗುಳ!" ಎನ್ನುತ್ತ ಅಂಗನವಾಡಿಯ ಶಂಕ್ರವ್ವ ಟೀಚರು ಓಡಿದರು. ರಶೀದಾಬಿ ಧಡಕ್ಕನೆ ಎದ್ದು ನಿಂತಳು. ಆದರೆ ಆಕೆ ನೋಡಿದ್ದು ಕೂಸನ್ನಲ್ಲ, ನನ್ನನ್ನು. ಅವತ್ತು ಹಳದಿಯ ಮುಂದೆ ಕೂತು ನೋಡಿದ ಹಾಗೆಯೇ ನೋಡಿದಳು, ನನ್ನ ಬಾಯಿಂದ ಏನು ಬರುತ್ತದೋ ಎಂದು.

ಈ ಸಲ ನನಗೆ ಉತ್ತರ ಗೊತ್ತಿತ್ತು.

"ತಿನ್ನಲಿ ಬಿಡ್ರಿ ಅತ್ತಿ" ಎಂದೆ. "ನಾನೂ ಇದನ್ನ ತಿಂದ ಬೆಳದಾಕಿ."

ರಶೀದಾಬಿ ಮೆಲ್ಲಗೆ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಗುಲ್ನಾಜ ಇನ್ನೊಂದು ಚಿಟಿಕೆ ತೆಗೆದುಕೊಂಡಳು.