ಒಂದು ಬೆರಳು ಜೇನು

ಮೂವತ್ತು ಪೆಟ್ಟಿಗೆ ಜೇನು ಸಾಕಿದ ತನಗೆ ಜೇನಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಜೇನಜ್ಜ ನಂಬಿದ್ದ. ಬಾಟಲಿಗಳಿಗೆ ಚೀಟಿ ಅಂಟಿಸುವವನೂ ಅವನೇ. ‘ಒಂದು ವರ್ಷದೊಳಗಿನ ಮಗುವಿಗೆ ಕೊಡಬೇಡಿ’ ಎಂಬ ಸಾಲನ್ನು ಚೀಟಿಗೆ ಸೇರಿಸಿದ್ದು ಮಗಳು. ಅದೆಲ್ಲ ಕಲಬೆರಕೆ ಜೇನಿಗೆ, ತನ್ನ ಅಪ್ಪಟ ಜೇನಿಗಲ್ಲ ಎಂಬುದು ಅಜ್ಜನ ಲೆಕ್ಕ. ತನ್ನ ಬಾಟಲಿಗೆ ತಾನೇ ಅಂಟಿಸಿದ ಚೀಟಿ ಇನ್ಯಾರ ಜೇನಿಗೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆ ದೊಡ್ಡ ತಲೆಯಲ್ಲಿ ಇರಲಿಲ್ಲ.

ಸೋಮವಾರ ಮಗಳು ಸ್ನಾನಕ್ಕೆ ಹೋದಾಗ ಐದು ತಿಂಗಳ ಮೊಮ್ಮಗಳು ರಚ್ಚೆ ಹಿಡಿದಳು. ಅಜ್ಜ ಜೇನಲ್ಲಿ ಬೆರಳದ್ದಿ ಬಾಯಿಗಿಟ್ಟ. ಮಗು ಚಪ್ಪರಿಸಿ ಸುಮ್ಮನಾಯಿತು. "ನನ್ನ ಕೈಗುಣ ನೋಡು" ಎಂದು ಮಗಳೆದುರು ಬೀಗಿದ. ಬೆರಳಿನ ಸುದ್ದಿ ಎತ್ತಲಿಲ್ಲ.

ಬುಧವಾರ ಗಿರಾಕಿಯೊಬ್ಬಳು ಚೀಟಿ ಓದಿ, "ಮಗುವಿಗೆ ಯಾಕೆ ಕೊಡಬಾರದು ಅಜ್ಜ?" ಎಂದಳು. ಜೇನುಪಂಡಿತ ಗಂಟಲು ಸರಿಮಾಡಿಕೊಂಡ. ಮಗಳೇ ಹೇಳಿದಳು: "ಎಷ್ಟೇ ಶುದ್ಧ ಜೇನಾದ್ರೂ ಅದ್ರಲ್ಲಿ ಒಂಥರಾ ರೋಗಾಣು ಬೀಜದ ಹಾಗೆ ಮಲಗಿರಬಹುದು. ನಮ್ಮ ಹೊಟ್ಟೇಲಿ ಅದರ ಆಟ ನಡೆಯಲ್ಲ. ಎಳೇ ಕರುಳಲ್ಲಿ ಮೊಳೆತು ವಿಷ ಬಿಡುತ್ತೆ. ಮಗುವಿನ ಮೈ ಸೋತುಹೋಗುತ್ತೆ, ಹಾಲು ಚೀಪೋಕೂ ಅಳೋಕೂ ಶಕ್ತಿ ಇರಲ್ಲ, ಉಸಿರೇ ನಿಲ್ಲಬಹುದು. ಅಪರೂಪ. ಆದ್ರೆ ಯಾವ ಮಗುವಿಗೆ ಅಂತ ಹೇಳೋಕಾಗಲ್ಲ."

ಅಜ್ಜ ತನ್ನ ಬೆರಳನ್ನೇ ನೋಡಿಕೊಂಡ. ಹೇಳಿದರೆ ಮಗಳು ಇನ್ನು ಮಗುವನ್ನು ಕೈಗೆ ಕೊಡುವುದಿಲ್ಲ. ಹೇಳದಿದ್ದರೆ ಏನಾದೀತೆಂದು ಯೋಚಿಸುವ ಧೈರ್ಯ ಬರಲಿಲ್ಲ. ಗಿರಾಕಿ ಗೇಟು ದಾಟುವ ಮೊದಲೇ ಒದರಿಬಿಟ್ಟ: "ನಾನು ಕೊಟ್ಟಿದೀನಮ್ಮ. ಸೋಮವಾರ. ಒಂದು ಬೆರಳು."

ಬೈಯಲೂ ನಿಲ್ಲದೆ ಮಗಳು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ಮಗುವನ್ನು ಪರೀಕ್ಷಿಸಿ, ಒಂದು ತಿಂಗಳು ಕಣ್ಣಿಟ್ಟಿರಿ, ಮಲ ಕಟ್ಟಿದರೆ, ಹಾಲು ಕುಡಿಯುವುದು ಕಡಿಮೆಯಾದರೆ, ಅಳು ಕ್ಷೀಣವಾದರೆ ತಕ್ಷಣ ಕರೆತನ್ನಿ ಎಂದರು.

ಅಂದಿನಿಂದ ಅಜ್ಜ ತೊಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಠಿಕಾಣಿ ಹೂಡಿದ. ಹತ್ತಿರ ಹೋಗಲು ಮುಖವಿರಲಿಲ್ಲ. ಮಗು ಅತ್ತರೆ ಅಡುಗೆಮನೆಗೆ ಓಡಿ, "ಗಟ್ಟಿಯಾಗೇ ಅಳ್ತಿದೆ" ಎಂದು, ಕಿವಿ ನೆಟ್ಟಗಿದ್ದ ಮಗಳಿಗೆ ವರದಿ ಒಪ್ಪಿಸುತ್ತಿದ್ದ. ಅಳು ನಿಲ್ಲಿಸಿ ಬೀಗಿದ್ದ ಮಹಾಶಯ ಈಗ ಅಳು ನಿಂತರೆ ನಡುಗುತ್ತಿದ್ದ.

ಮೂವತ್ತೊಂದನೆಯ ದಿನ ಮಗು ಮನೆ ಹಾರಿಹೋಗುವಂತೆ ಕಿರುಚಿತು. ಮಗಳು ಅಪ್ಪನ ಕೈ ಚೆನ್ನಾಗಿ ತೊಳೆಸಿ, ಮಗುವನ್ನು ಮಡಿಲಿಗೆ ಹಾಕಿದಳು.

"ಹಿಡ್ಕೋ ಅಪ್ಪ. ನಾನು ಸ್ವಲ್ಪ ಮಲಗ್ತೀನಿ."

ಅಜ್ಜ ಸಮಾಧಾನ ಮಾಡಲು ಹೋಗಲಿಲ್ಲ. ಮಗುವಿನ ಜೊತೆ ತಾನೂ ಕೂತು ಅತ್ತ.