ಕಾಳಯ್ಯ ಕುಡಿದಿರಲಿಲ್ಲ

“ಲೇ ಜ್ಞಾನಪ್ಪ, ಸೀಟು ಮುಟ್ಟಬೇಡ ಕಣೋ. ಆ ಗಬ್ಬು ಬಟ್ಟೇಲಿ ನೀನು ಕೂತ ಮೇಲೆ ನಮ್ಮನೆಯವರು ಹೇಗೋ ಕೂರ್ತಾರೆ?”

ಕೃಷ್ಣಸ್ವಾಮಿಯವರು ಡ್ರೈವರ್ ಸೀಟಿನ ಮೇಲೆ ಪೇಪರು ಹಾಸಿದರು. ಜಯಲಕ್ಷ್ಮಿಪುರಂನಲ್ಲಿ ದೊಡ್ಡ ಮನೆ, ಕಾಲೇಜು ಟ್ರಸ್ಟಿನ ಕಾರ್ಯದರ್ಶಿ. ತಮ್ಮ ಹಳೆಯ ಕಾರನ್ನು ಕುಂಬಾರಕೊಪ್ಪಲಿನ ಮೆಕ್ಯಾನಿಕ್ ಜ್ಞಾನಪ್ಪನ ಶೆಡ್ಡಿಗೆ ಲಾರಿಯ ಮೇಲೆ ಹೇರಿಸಿ ತಂದಿದ್ದರು. ಅದನ್ನು ಓಡಿಸುವ ಧೈರ್ಯ ಅವರಿಗಿರಲಿಲ್ಲ.

ಕೊನೆಯ ಸಲ ಓಡಿಸಿದವನು ಅವರ ಡ್ರೈವರ್ ಕಾಳಯ್ಯ, ಜ್ಞಾನಪ್ಪನ ಪಕ್ಕದ ಮನೆಯವನು. “ಬ್ರೇಕು ಮೆತ್ತಗಾಗ್ಯದೆ ಬುದ್ದಿ” ಎಂದು ಒಂದು ತಿಂಗಳು ಅಂಗಲಾಚಿದ್ದ. “ಎರಡು ಸಲ ತುಳಿಯೋ, ಹಿಡಿಯುತ್ತೆ” ಎಂದಿದ್ದರು ಇವರು. ಬೆಟ್ಟ ಇಳಿಯುವಾಗ ಎಷ್ಟು ತುಳಿದರೂ ಹಿಡಿಯಲಿಲ್ಲ. ಕಾರು ಗೋಡೆಗೆ ಗುದ್ದಿ, ಅಲ್ಲಿ ಹೂ ಮಾರುತ್ತಿದ್ದ ಮುದುಕಿಯ ಸೊಂಟ ಮುರಿಯಿತು. ಕೃಷ್ಣಸ್ವಾಮಿ ಎಲ್ಲರೆದುರು ಚಪ್ಪಲಿ ಕಳಚಿ ಕಾಳಯ್ಯನ ಮುಖಕ್ಕೆ ಹೊಡೆದರು. ಕುಡಿದಿದ್ದ ಎಂದು ಪೊಲೀಸರಿಗೆ ಬರೆದುಕೊಟ್ಟರು. ಹೆಂಡದ ವಾಸನೆಗೇ ವಾಂತಿ ಮಾಡುವ ಮನುಷ್ಯ ಈಗ ಲೈಸೆನ್ಸು ಕಳೆದುಕೊಂಡು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ.

“ಸೋಮವಾರ ಕಾಳಯ್ಯನ ಕೇಸಿದೆ. ಬ್ರೇಕು ಮೊದಲಿಂದ್ಲೂ ಸರಿಯಾಗಿತ್ತು ಅಂತ ಇದಕ್ಕೆ ಸೈನು ಹಾಕು. ಆಮೇಲೆ ಗುಟ್ಟಾಗಿ ರಿಪೇರಿ ಮಾಡು” ಎಂದು ಕೃಷ್ಣಸ್ವಾಮಿ ಟೈಪು ಮಾಡಿದ ಕಾಗದ ಚಾಚಿದರು.

“ನೋಡ್ದೆ ಎಂಗ್ ಸೈನಾಕ್ಲಿ? ಕೂತ್ಕಂಡು ಬ್ರೇಕ್ ತುಳೀರಿ.”

ಕೃಷ್ಣಸ್ವಾಮಿ ಹಾಸಿದ ಪೇಪರಿನ ಮೇಲೆ ತಾವೇ ಕೂತರು. ಶೆಡ್ಡಿನ ಮುಂದೆ ಬೀದಿಯ ಇಳಿಜಾರಿನಲ್ಲಿ ನಿಂತ ಕಾರಿನ ಚಕ್ರಕ್ಕೆ ಕಲ್ಲು ಕೊಟ್ಟು ಜ್ಞಾನಪ್ಪ ಕೆಳಗೆ ನುಸುಳಿದ. ಬ್ರೇಕ್ ಎಣ್ಣೆ ತುಂಬಿತ್ತು. ನಾಲ್ಕು ಚಕ್ರಗಳಲ್ಲೂ ಸೋರಿಕೆಯಿಲ್ಲ. ಗಾಳಿ ತೆಗೆಯುವ ನಿಪ್ಪಲ್ ಬಿಚ್ಚಿ ನೋಡಿದರೆ ಗಾಳಿಯ ಗುಳ್ಳೆಯೂ ಬರಲಿಲ್ಲ.

“ಈಗ ಒತ್ತಿ ಹಿಡ್ಕಳಿ. ಬುಡ್ಬೇಡಿ.”

“ನನಗೇ ಆರ್ಡರ್ ಮಾಡ್ತೀಯೇನೋ ಬೋಳಿಮಗನೆ?”

“ಒತ್ತಿ ಅಂದೆ.”

ಒತ್ತಿದರು. ಮೊದಲು ಗಟ್ಟಿಯಾಗಿ ನಿಂತ ಪೆಡಲು ಪಾದದ ಕೆಳಗೇ ಮೆಲ್ಲಗೆ ಜಾರಿ ತಳ ಮುಟ್ಟಿತು.

“ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸತ್ತದೆ. ಎಣ್ಣೆ ಹಿಂದಕ್ಕೇ ನುಗ್ತದೆ. ಇದು ನೆನ್ನೆ ಮೊನ್ನೆದಲ್ಲ” ಎಂದ ಜ್ಞಾನಪ್ಪ ಹೊರಗೆ ಬಂದು.

“ಅದೆಲ್ಲ ನಿನಗ್ಯಾಕೋ? ಸೈನು ಹಾಕು. ಇಲ್ಲಾಂದ್ರೆ ಈ ಶೆಡ್ಡು ನಾಳೆ ಇಲ್ಲಿರಲ್ಲ. ನಿಮ್ಮ ಏಸು ಬಂದು ಬಿಡಿಸ್ತಾನೇನು?”

ಜ್ಞಾನಪ್ಪ ಬೀದಿಯ ಉದ್ದಕ್ಕೂ ನೋಡಿದ. ನರಪಿಳ್ಳೆ ಇರಲಿಲ್ಲ. ಕೊನೆಯಲ್ಲಿ ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆ. ಬಗ್ಗಿ ಕಲ್ಲನ್ನು ಎಳೆದ.

ಕಾರು ಜರುಗಿತು. ಹ್ಯಾಂಡ್ ಬ್ರೇಕಿನ ತಂತಿ ಎಂದೋ ಹರಿದಿತ್ತು.

“ಲೋ! ಹಿಡಿಯೋ! ಹಿಡಿಯೋ ಸೂಳೆಮಗನೆ!”

“ಎರಡು ಸಲ ತುಳೀರಿ ಬುದ್ದಿ!”

ಜ್ಞಾನಪ್ಪ ಬಾಗಿಲ ಪಕ್ಕದಲ್ಲೇ ಓಡಿದ. ಕೃಷ್ಣಸ್ವಾಮಿ ಎರಡಲ್ಲ, ಇಪ್ಪತ್ತು ಸಲ ತುಳಿದರು. ಕೊನೆಗೆ “ಅಯ್ಯೋ, ಸತ್ತೆ ಕಣಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ” ಎಂದು ಚೀರಿದರು. ಕಾರು ಮರಳಿಗೆ ಮೂತಿ ತೂರಿಸಿ ನಿಂತಿತು.

ಕೂಗು ಕೇಳಿ ಮನೆಗಳಿಂದ ಜನ ಓಡಿ ಬಂದರು. ಜ್ಞಾನಪ್ಪ ಕಿಟಕಿಯೊಳಗೆ ತಲೆ ಹಾಕಿ ಮೂಸಿದ. ಪೇಪರಿನ ಮೇಲೆ ಉಚ್ಚೆ ಹರಿದಿತ್ತು.

“ಕುಡ್ದಿದ್ರಾ ಸ್ವಾಮಿ?”

ಜ್ಞಾನಪ್ಪ ಸ್ಪ್ಯಾನರ್ ಹಿಡಿದು ಮತ್ತೆ ಕಾರಿನ ಕೆಳಗೆ ನುಸುಳಿದ. ಅಲ್ಲಿಂದಲೇ ಜನರಿಗೆ ಕೇಳುವಂತೆ ಕೂಗಿದ:

“ಬಿಚ್ಚೋದ ಎಲ್ರೂ ನೋಡ್ಕಳಿ. ಸೋಮವಾರ ಈ ಸಿಲಿಂಡ್ರ ಜಡ್ಜ್ ಸಾಹೇಬ್ರ ಮುಂದೆ ಮಡಗ್ತೀನಿ.”