ಪೈಪಿನ ಮೇಲಿನ ಬಳಪದ ಗೆರೆ

“ಒತ್ರಿ ಯಾರರ! ಬ್ರೇಕ್ ಒತ್ರಿ!”

ಜಾಕಿ ಹಾಕಿ ಎತ್ತಿದ್ದ ಅಂಬಾಸಡರ್ ಕಾರಿನ ಕೆಳಗಿನಿಂದ ಯರ್ರಿಸ್ವಾಮಿ ಕೂಗಿದಾಗ ಭಜನೆಯವರ ತಾಳ ನಿಂತಿತು. ಸಾವಿಗೆಂದು ಉಟ್ಟು ಬಂದಿದ್ದ ಅವನ ಬಿಳಿ ಪಂಚೆಯ ಅಂಚು ಮಾತ್ರ ಹೊರಗೆ ಕಾಣುತ್ತಿತ್ತು. ಹತ್ತು ಹೆಜ್ಜೆ ಆಚೆ, ತನ್ನದೇ ಶೆಡ್ಡಿನ ಮುಂದಿನ ಕಟ್ಟೆಯ ಮೇಲೆ, ಕೊಟ್ಟೂರಿನ ಮೆಕ್ಯಾನಿಕ್ ಗಾಳೆಪ್ಪ ಹೂವಿನ ಹಾರದಡಿ ಮಲಗಿದ್ದ. ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತವನು ಹಾಗೆಯೇ ಗೋಡೆಗೆ ಒರಗಿಬಿಟ್ಟಿದ್ದ.

ಕಾರು ಬಾಡಿಗೆಯದು, ನಾಗೇಂದ್ರಪ್ಪನದು. ಬ್ರೇಕಿನ ಎಣ್ಣೆಯನ್ನು ಎಡಗಡೆಯ ಮುಂದಿನ ಗಾಲಿಗೆ ಮುಟ್ಟಿಸುವ ರಬ್ಬರ್ ಪೈಪು ಕೆಟ್ಟಿದೆಯೆಂದು ಗಾಳೆಪ್ಪ ನಿನ್ನೆ ಬಿಚ್ಚಿದ್ದ. ಹೊಸದನ್ನು ಇಂದು ತಂದು ಹಾಕುವವನಿದ್ದ. ಊರಿನ ಉಳಿದ ಎರಡು ಟ್ಯಾಕ್ಸಿಗಳೂ ದಿಬ್ಬಣದ ಜೊತೆ ಹಡಗಲಿಗೆ ಹೋಗಿದ್ದವು. ಒಬ್ಬಳೇ ಮಗಳು ಉಚ್ಚಂಗೆಮ್ಮ ಐದು ತಿಂಗಳ ಕೂಸಿನೊಂದಿಗೆ ಚಿಗಟೇರಿಯ ಗಂಡನ ಮನೆಯಲ್ಲಿದ್ದಳು. ಅವಳಿಗೆ ಸುದ್ದಿಯೇ ಮುಟ್ಟಿರಲಿಲ್ಲ.

“ಹೊತ್ತು ಮುಳುಗೋದ್ರೊಳಗ ಮಣ್ಣು ಮಾಡಬೇಕು ಸುಂಕವ್ವ,” ಎಂದ ಗಾಳೆಪ್ಪನ ಅಣ್ಣ ಜೋಗಪ್ಪ.

“ಮಗಳು ಮಾರಿ ನೋಡ್ದ ಎತ್ತಬ್ಯಾಡ್ರಿ ಭಾವ,” ಎಂದಳು ಗಂಡನ ತಲೆಯ ಬಳಿ ಕುಳಿತಿದ್ದ ಸುಂಕಮ್ಮ.

“ಹಳೇ ಪೈಪರ ಇದ್ದಿದ್ರ ಹಾಕ್ಕೊಂಡು ಹೋಗಿ ಕರ್ಕೊಂಡು ಬರ್ತಿದ್ದೆ,” ನಾಗೇಂದ್ರಪ್ಪ ಗೊಣಗಿದ. “ಅದನ್ನೂ ಎರಡು ತುಂಡು ಮಾಡಿ ನನ್ನ ಕೈಗೆ ಕೊಟ್ಟಾನ ಮಾರಾಯ!”

ಜೋಗಪ್ಪ ನಕ್ಕುಬಿಟ್ಟ. ನಕ್ಕದ್ದಕ್ಕೆ ನಾಚಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಬಿಚ್ಚಿದ ಪೈಪನ್ನು ಗಿರಾಕಿಯ ಕಣ್ಣೆದುರೇ ಕತ್ತರಿಸುವುದು ಗಾಳೆಪ್ಪನ ಪದ್ಧತಿ. ಹಾಗೇ ಕೊಟ್ಟರೆ ಸೈಕಲ್ ಟ್ಯೂಬು ಸುತ್ತಿ ಮತ್ತೆ ಹಾಕಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು.

ಕೊನೆಗೆ ಪಂಚೆ ಎತ್ತಿಕಟ್ಟಿ ಕಾರಿನ ಕೆಳಗೆ ನುಸುಳಿದವನು ಯರ್ರಿಸ್ವಾಮಿ. ಬಸ್ ಸ್ಟ್ಯಾಂಡ್ ಎದುರು ಅವನದೇ ಗ್ಯಾರೇಜಿತ್ತು. ಹದಿನೈದು ವರ್ಷದಿಂದ ಅವನಿಗೂ ಗಾಳೆಪ್ಪನಿಗೂ ಪೈಪೋಟಿ. ಅಲ್ಲಿಂದ ತರಿಸಿದ ಹೊಸ ಪೈಪು ಬಿಗಿದಾಗಿತ್ತು. ಈಗ ಅದರೊಳಗಿನ ಗಾಳಿ ತೆಗೆಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕಿತ್ತು.

ನಾಗೇಂದ್ರಪ್ಪ ಕುಳಿತು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಎಣ್ಣೆ ಯರ್ರಿಸ್ವಾಮಿಯ ಮೀಸೆಗೆ ಚಿಮ್ಮಿತು.

“ಹಿಡಿಯೋ ಅಂದ್ರ! ಕಾರು ಓಡಸ್ತೀಯೋ, ಕುಬಸ ಹೊಲಿಯೋ ಮಿಷನ್ ತುಳೀತೀಯೋ?”

ಹೆಂಗಸರ ಸಾಲಿನಲ್ಲೂ ನಗು ಹರಿಯಿತು. ಸುಂಕಮ್ಮ ಸೆರಗು ಬಿಗಿದು ಎದ್ದಳು.

“ಹೆಣದ ತಲಿ ಬಿಟ್ಟು ಏಳಬಾರದವ್ವ,” ಜೋಗಪ್ಪ ಗಾಬರಿಯಾದ.

“ಆತ ಇದ್ದಿದ್ರ ತಾನ ಎಬ್ಬಸ್ತಿದ್ದ, ಭಾವ.”

*

ಹತ್ತೊಂಬತ್ತು ವರ್ಷದ ಹಿಂದೆ, ಎಪ್ಪತ್ತನೇ ಇಸವಿಯಲ್ಲಿ, ಗಾಳೆಪ್ಪ ಸುಂಕಮ್ಮರ ಮದುವೆಯಾಗಿ ತಿಂಗಳಾಗಿತ್ತು.

“ಏ ಸುಂಕಿ, ಬಾ, ಕಾರಿನಾಗ ಕುಂದ್ರು.”

“ಯವ್ವಾ! ಸಾವ್ಕಾರ್ರ ಕಾರು. ನಾ ಕುಂತ್ರ ಬೈತಾರ.”

“ಬೈದ್ರ ನನ್ನ ಬೈಲಿ. ಒತ್ತು. ಹಿಡಿ. ನಾ ಹೇಳೋತನ ಕಾಲು ತಗೀಬ್ಯಾಡ.”

ಅವಳು ಉಸಿರನ್ನೂ ಹಿಡಿದು ಒತ್ತಿದಳು. ಅವನು ಹಳೆಯ ಪೈಪನ್ನು ಮುಷ್ಟಿಯಲ್ಲಿ ಹಿಡಿದು, “ಕಪ್ಪಿ ಗಂಟಲದಂಗ ಉಬ್ಬತೈತಿ ನೋಡು!” ಎಂದು ಕೂಗಿದ. ಆಮೇಲೆ ಹೊಸ ಪೈಪಿನ ಮೇಲೆ ಈ ತುದಿಯಿಂದ ಆ ತುದಿಗೆ ಬಳಪದಿಂದ ಒಂದು ಗೆರೆ ಎಳೆದ. ಬಿಗಿದ ಮೇಲೂ ಗೆರೆ ನೇರ ಉಳಿದರೆ ಪೈಪು ಸರಿ. ಸುತ್ತಿಕೊಂಡರೆ ತಿರುಚಿದೆ ಎಂದರ್ಥ, ಅಂಥದ್ದು ಬೇಗ ಸೀಳುತ್ತದೆ.

“ಬಿಗಿಯಾವ ನೀನ. ಗೆರಿ ಯಾಕ ಬೇಕು?”

“ನನಗ ನನ್ನ ಮ್ಯಾಲ ನಂಬಿಕಿ ಇಲ್ಲಲೇ.”

ಕೆಲಸ ಮುಗಿದ ಮೇಲೆ ಬ್ರೇಕ್ ನೋಡಲೆಂದು ಅವಳನ್ನು ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋಗಿ ಬಂದ. ಆಮೇಲಿನ ವರ್ಷಗಳಲ್ಲಿ ಅವಳು ತಿರುಗಾಡಿದ್ದೆಲ್ಲ ಹೀಗೆಯೇ. ಯಾವ ಕಾರಿನ ಸೀಟು ಮೆತ್ತಗೆ, ಯಾವುದರ ಕಿಟಕಿ ಇಳಿಯುವುದಿಲ್ಲ ಎಂದು ಪಕ್ಕದ ಮನೆಯವರಿಗೆ ಅವಳು ವರದಿ ಒಪ್ಪಿಸುತ್ತಿದ್ದಳು.

*

ಸೀಟಿನಲ್ಲಿ ಕುಳಿತ ಸುಂಕಮ್ಮ ಬ್ರೇಕಿಗೆ ಕಾಲಿಡುವ ಮೊದಲು ಕೇಳಿದಳು: “ಗೆರಿ ಹಾಕಿದೇನು ಯರ್ರಿಸ್ವಾಮಿ?”

“ಇವತ್ತರ ಬಿಡಕ್ಕ. ಹದಿನೈದು ವರ್ಷ ಆ ಗೆರಿ ನೋಡಿ ನಕ್ಕೀನಿ.”

“ಇದರಾಗ ಕುಂತು ಬರೋದು ನನ್ನ ಮಗಳು, ಮೊಮ್ಮಗ. ಬಿಚ್ಚು.”

ಯರ್ರಿಸ್ವಾಮಿ ಬಿಚ್ಚಿ, ಗೆರೆ ಎಳೆದು, ಮತ್ತೆ ಬಿಗಿದ. ಆಮೇಲೆ ಕಾರಿನ ಕೆಳಗೆ ಪಾನಾ ನೆಲಕ್ಕೆ ಬಿದ್ದ ಸದ್ದಾಯಿತು.

“ಏನಾತೋ?”

“ಗೆರಿ ಬಳ್ಳಿ ಹಬ್ಬಿದಂಗ ಹಬ್ಬೇತಕ್ಕ.” ಅವನು ತಲೆ ಹೊರಗೆ ಹಾಕಿ ಕಟ್ಟೆಯ ಕಡೆ ಕೂಗಿದ: “ಗೆದ್ದಿ ಬಿಡಲೇ ಗಾಳ್ಯಾ! ಸತ್ತ ಮ್ಯಾಲೂ ಗೆದ್ದಿ!”

ಜೋಗಪ್ಪನ ಟವೆಲ್ಲು ಈ ಸಲ ಬಾಯಿಯನ್ನು ಮುಟ್ಟಲಿಲ್ಲ. ಅವನು ಅಂಗಳ ತುಂಬ ನಕ್ಕ.

ಯರ್ರಿಸ್ವಾಮಿ ಒಂದು ಪಾನಾದಿಂದ ಪೈಪಿನ ತುದಿ ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟು ಬಿಗಿದ. ಗೆರೆ ನೇರವಾಯಿತು. ಸುಂಕಮ್ಮ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿದಳು. ಪೈಪು ಗಾಲಿಗೆ ತಾಗಲಿಲ್ಲ.

“ಒತ್ತಕ್ಕ. ಹಿಡಿ. ಬಿಡು.”

ಒತ್ತು, ಹಿಡಿ, ಬಿಡು. ಭಜನೆಯವನೊಬ್ಬ ತನಗರಿವಿಲ್ಲದೆ ಅದಕ್ಕೇ ತಾಳ ಹಾಕತೊಡಗಿದ. ಎಣ್ಣೆಯಲ್ಲಿ ಗುಳ್ಳೆ ನಿಂತು, ಪೆಡಲ್ಲು ಕಾಲಡಿ ಗಟ್ಟಿಯಾದಾಗ ಸುಂಕಮ್ಮನಿಗೆ ಮೊದಲ ಬಾರಿಗೆ ಅಳು ಬಂತು. ಅಳುತ್ತಲೇ, ಕಾಲು ತೆಗೆಯದೆ, “ಸರಿ ಐತಿ,” ಎಂದಳು.

ನಾಗೇಂದ್ರಪ್ಪ ಕಾರು ತೆಗೆದುಕೊಂಡು ಚಿಗಟೇರಿಗೆ ಹೋದ. ಹೊತ್ತು ಇಳಿಯುವಾಗ ಜನವೆಲ್ಲ ರಸ್ತೆಗೆ ಬಂದು ನಿಂತಿದ್ದರು. ಕುಣಿ ತೋಡಿ ಕಾಯುತ್ತಿದ್ದ ಗುದ್ದಲಿಯವರು ಎರಡು ಸಲ ಹೇಳಿ ಕಳಿಸಿದ್ದರು. ಇಳಿಜಾರಿನ ಮೇಲೆ ಧೂಳೆದ್ದಿತು, ಅದರ ಮುಂದೆ ಕಾರು ಕಾಣಿಸಿತು. ಅದೇ ಹೊತ್ತಿಗೆ ಒಂದು ಕುರಿಹಿಂಡು ಜನರನ್ನು ನೂಕಿಕೊಂಡು ರಸ್ತೆಯ ನಡುವೆ ನುಗ್ಗಿತು. ಜೋಗಪ್ಪ ಎರಡೂ ಕೈ ಎತ್ತಿ ಕೂಗಿದ. ಕಾರು ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ; ನೇರ ಬಂದು, ಮುಂದಿನ ಕುರಿಗೆ ಒಂದು ಮೊಳ ಇರುವಾಗ ನಿಂತಿತು.

ಯರ್ರಿಸ್ವಾಮಿ ಹಿಡಿದಿದ್ದ ಉಸಿರು ಬಿಟ್ಟ. ಸುಂಕಮ್ಮ ಕುರಿಗಳ ನಡುವೆ ದಾರಿ ಮಾಡಿಕೊಂಡು ಓಡಿ ಬಾಗಿಲು ತೆಗೆದಳು. ಉಚ್ಚಂಗೆಮ್ಮ ಅತ್ತು ಅತ್ತು ಕಣ್ಣು ಬಾತಿದ್ದಳು. ಅವಳ ತೊಡೆಯ ಮೇಲೆ, ಕುಲಾವಿ ಕೂಡ ಸರಿಯದೆ, ಕೂಸು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.